ಬಿಸಿ ಕಾಸ್ಟಿಕ್ ಟ್ಯಾಂಕಿನ ಲೈನಿಂಗ್ ಯಾಕೆ ಎದ್ದು ಬರುತ್ತದೆ? ದೋಷ ಹುಡುಕುವ ದಾರಿ

ಟ್ಯಾಂಕಿಗೆ ಹೊರಗಿನಿಂದ ಬಿಳಿ ಗಡ್ಡ ಬಂದಿತ್ತು. ಕೆಳಮೂಲೆಯ ವೆಲ್ಡಿಂಗ್ ಗೆರೆ ಹಿಡಿದು ಒಂದು ಗೇಣು ಉದ್ದಕ್ಕೆ, ಹಳೇ ಗೋಡೆಯಲ್ಲಿ ಉಪ್ಪು ಉಬ್ಬಿದ ಹಾಗೆ. ಬೆಳಗಿನ ಶಿಫ್ಟಿನವರು ಅದನ್ನು ಒರೆಸಿ ಮೇಲೊಂದು ಸಿಲ್ವರ್ ಪೇಂಟ್ ಬಳಿದು ಬಿಟ್ಟಿದ್ದರು. ಸಿಲ್ವರ್ ಪೇಂಟ್ ಅಂದರೆ ಅಲ್ಯೂಮಿನಿಯಂ ಪುಡಿ, ಕಾಸ್ಟಿಕ್ ಮುಟ್ಟಿದರೆ ಉಳಿಯುತ್ತದಾ? ಎರಡೇ ದಿನಕ್ಕೆ ಪೇಂಟ್ ಹೋಯಿತು, ಗಡ್ಡ ವಾಪಸ್ ಬಂತು.

ಇದು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಒಂದು ಸಣ್ಣ ಯೂನಿಟ್ಟಿನ ಮಾತು. ಮೆಷಿನಿಂಗ್ ಆಗಿ ಬಂದ ಬಿಡಿಭಾಗಗಳ ಜಿಡ್ಡು ತೆಗೆಯುವುದು ಅಲ್ಲಿನ ಕೆಲಸ. ಟ್ಯಾಂಕ್ 2 ಮೀಟರ್ ಉದ್ದ, ಸುಮಾರು 3,000 ಲೀಟರ್ ಹಿಡಿಯುತ್ತದೆ, 6 ಮಿಲಿಮೀಟರ್ ಎಂಎಸ್ (ಸಾಧಾರಣ ಮೆದು ಉಕ್ಕು) ಪ್ಲೇಟ್. ಒಳಗೆ 7 ಪರ್ಸೆಂಟ್ ಕಾಸ್ಟಿಕ್ ಸೋಡಾ, 75ರಿಂದ 80 ಡಿಗ್ರಿ ಬಿಸಿ. ಎರಡು ವರ್ಷದಲ್ಲಿ ಎರಡು ಲೈನಿಂಗ್, ಅಂದರೆ ಉಕ್ಕಿಗೆ ಕಾಸ್ಟಿಕ್ ತಾಗದ ಹಾಗೆ ಒಳಗೋಡೆಗೆ ಹಾಕುವ ಪದರ, ತಿಂದಿತ್ತು ಈ ಟ್ಯಾಂಕ್. ಮೂರನೆಯದಕ್ಕೆ ಕೊಟೇಶನ್ ಬಂದಾಗ ಯಜಮಾನರು ನನ್ನನ್ನು ಕರೆದು, "ಯಾವ ಲೈನಿಂಗ್ ಹಾಕಿಸಲಿ, ಒಂದೇ ಮಾತಲ್ಲಿ ಹೇಳಿಬಿಡಿ ಸಾರ್" ಅಂದರು. ಒಂದೇ ಮಾತಲ್ಲಿ ಹೇಳಲು ಆಗಲಿಲ್ಲ. ಹಿಂದಿನ ಎರಡು ಯಾಕೆ ಹೋದವು ಅಂತ ಗೊತ್ತಾಗದೆ ಮೂರನೆಯದನ್ನು ಆರಿಸುವುದು ಹೇಗೆ?

ಮೊದಲು ಅರಿಶಿನ

ಬಿಳಿ ಗಡ್ಡ ಕಂಡರೆ ಕೆರೆದು ಎಸೆಯಬೇಡಿ, ಮೊದಲು ಅದು ಏನು ಅಂತ ನೋಡಿ. ನಾನು ಕ್ಯಾಂಟೀನಿನಿಂದ ಒಂದು ಚಿಟಿಕೆ ಅರಿಶಿನ ತರಿಸಿ, ನೀರಲ್ಲಿ ಕಲಸಿ, ಬಿಳಿ ಕಾಗದಕ್ಕೆ ಬಳಿದು, ಒದ್ದೆ ಇರುವಾಗಲೇ ಆ ಜಾಗಕ್ಕೆ ಒತ್ತಿದೆ. ತಕ್ಷಣ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬರೀ ಬೋರ್‌ವೆಲ್ ನೀರಿನ ಉಪ್ಪಾಗಿದ್ದರೆ ಕಾಗದ ಹಳದಿಯಾಗೇ ಇರುತ್ತಿತ್ತು. ಕೆಂಪಾದರೆ ಒಳಗಿನ ಕಾಸ್ಟಿಕ್ ಹೊರಗೆ ಜಿನುಗಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ವಾಷಿಂಗ್ ಸೋಡಾ ಆಗಿ ಕೂತಿದೆ ಅಂತ ಅರ್ಥ. ಅಂದರೆ ಬರೀ ಲೈನಿಂಗ್ ಹೋಗಿಲ್ಲ, ಉಕ್ಕಿನಲ್ಲೇ ಬಿರುಕಿದೆ.

ಗ್ಲೌಸ್, ಕಣ್ಣಿಗೆ ಗಾಗಲ್ಸ್ ಇಲ್ಲದೆ ಇದನ್ನು ಮುಟ್ಟಬೇಡಿ. ಕಾಸ್ಟಿಕ್ ಕಣ್ಣಿಗೆ ಬಿದ್ದರೆ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ. ತಕ್ಷಣ, ಬಿಡದೆ ನೀರು ಹಾಯಿಸುತ್ತಲೇ ಇರಬೇಕು, ಆಮೇಲೆ ನೇರ ಆಸ್ಪತ್ರೆಗೆ.

ಲೈನಿಂಗ್ ಬೇಕೇ ಬೇಕಾ?

ಆಸಿಡ್ ಟ್ಯಾಂಕ್ ನೋಡಿ ಅಭ್ಯಾಸವಾದವರು ಇಲ್ಲೇ ತಪ್ಪುತ್ತಾರೆ. ಆಸಿಡ್ ಉಕ್ಕನ್ನು ತಿನ್ನುತ್ತದೆ, ಹಾಗಾಗಿ ಕಾಸ್ಟಿಕ್ಕೂ ತಿನ್ನುತ್ತದೆ ಅಂತ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕ್ಷಾರದಲ್ಲಿ ಉಕ್ಕಿನ ಮೇಲೆ ಒಂದು ತೆಳು ಕಪ್ಪು ಪೊರೆ ಕೂರುತ್ತದೆ, ಅದೇ ಅದಕ್ಕೆ ಕವಚ. ಬ್ಲ್ಯಾಕನಿಂಗ್ (ಉಕ್ಕಿನ ಭಾಗಗಳಿಗೆ ಕಪ್ಪು ಪೊರೆ ಕೂರಿಸುವ ಕೆಲಸ) ಮಾಡುವವರ ಟ್ಯಾಂಕ್ ನೋಡಿದ್ದೀರಾ? 140 ಡಿಗ್ರಿ ಹತ್ತಿರ ಕುದಿಯುವ ಗಟ್ಟಿ ಕಾಸ್ಟಿಕ್, ಟ್ಯಾಂಕ್ ಮಾತ್ರ ಬರೀ ಎಂಎಸ್. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವ ಬೇಯರ್ ವಿಧಾನದಲ್ಲೂ ಬಿಸಿ ಕಾಸ್ಟಿಕ್ ದ್ರಾವಣವನ್ನು ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲೇ ಇಡುತ್ತಾರೆ.

ಹಾಗಾದರೆ ಲೈನಿಂಗ್ ಯಾರಿಗೆ ಬೇಕು? ದ್ರಾವಣಕ್ಕೆ ಕಬ್ಬಿಣದ ಸುಳಿವೂ ಸೇರಬಾರದು ಅನ್ನುವವರಿಗೆ. ಸೊಲ್ಲಾಪುರದ ಟವೆಲ್, ಚಾದರ ಮಾಡುವವರು ಹತ್ತಿಯನ್ನು ಕಾಸ್ಟಿಕ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬ್ಲೀಚ್ ಮಾಡುವಾಗ ಒಂದು ಚೂರು ತುಕ್ಕು ಬಟ್ಟೆಗೆ ಅಂಟಿದರೂ ಸಾಕು, ಪೆರಾಕ್ಸೈಡ್ ಆ ಜಾಗದಲ್ಲಿ ರಭಸದಿಂದ ಒಡೆದು ನೂಲು ಸುಟ್ಟ ಹಾಗೆ ತೂತಾಗುತ್ತದೆ. 50 ಪರ್ಸೆಂಟ್ ಲೈ (ಕಾಸ್ಟಿಕ್ ದ್ರಾವಣ) ಶೇಖರಿಸಿ, ಬಣ್ಣ ಕೆಡದ ಹಾಗೆ ಮಾರುವವರಿಗೂ ಬೇಕು. ಜಿಡ್ಡು ತೆಗೆಯುವ ಟ್ಯಾಂಕಿಗೆ? ಅಲ್ಲಿ ತೊಳೆಯುವುದೇ ಕಬ್ಬಿಣದ ಭಾಗಗಳನ್ನು. ನಮ್ಮ ಯಜಮಾನರನ್ನು "ಲೈನಿಂಗ್ ಯಾಕೆ ಹಾಕಿಸಿದಿರಿ" ಅಂತ ಕೇಳಿದರೆ, "ಪಕ್ಕದ ಆಸಿಡ್ ಟ್ಯಾಂಕಿಗೆ ಹಾಕಿಸುತ್ತಿದ್ದೆವು, ಇದಕ್ಕೂ ಒಟ್ಟಿಗೆ ಮಾಡಿಬಿಡು ಅಂದೆ" ಅಂದರು. ರೋಗದ ಮೂಲ ಅಲ್ಲಿತ್ತು.

ಎಲ್ಲಿ ಹೋಗಿದೆ ಅನ್ನುವುದೇ ಅರ್ಧ ಉತ್ತರ

ಟ್ಯಾಂಕ್ ಖಾಲಿ ಮಾಡಿ, ತೊಳೆದು, ಒಳಗೆ ಗಾಳಿ ಹಾಯಿಸಿ, ಹೊರಗೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ ಒಳಗೆ ಇಳಿಯಿರಿ. ಕೈಯಲ್ಲಿ ಒಂದು ಚಾಕ್‌ಪೀಸ್ ಇರಲಿ. ಏನನ್ನೂ ಕೀಳುವ ಮುಂಚೆ ಹಾಳಾದ ಜಾಗಗಳಿಗೆಲ್ಲ ಗುರುತು ಹಾಕಿ, ಫೋಟೋ ತೆಗೆಯಿರಿ. ಕಿತ್ತ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಕಾಂಟ್ರಾಕ್ಟರ್ ಬಂದು ಕಿತ್ತು, ಗ್ರೈಂಡ್ ಮಾಡಿ, "ನೀವೇ ಜಾಸ್ತಿ ಬಿಸಿ ಮಾಡಿದ್ದೀರಿ" ಅಂದರೆ ಏನು ಹೇಳುತ್ತೀರಿ?

ದ್ರಾವಣದ ಮಟ್ಟ ನಿಲ್ಲುವ ಕಡೆ ಸುತ್ತಲೂ ಒಂದು ಪಟ್ಟಿಯ ಹಾಗೆ ರಬ್ಬರ್ ಮೆತ್ತಗಾಗಿದ್ದರೆ, ಉಗುರು ಒತ್ತಿದರೆ ಗುರುತು ಉಳಿದರೆ, ಅಲ್ಲಿ ಕಾಸ್ಟಿಕ್ ತಪ್ಪಿತಸ್ಥ ಅಲ್ಲ, ಎಣ್ಣೆ. ಮೆಷಿನ್ ಎಣ್ಣೆ ಮೇಲೆ ತೇಲಿ ಅದೇ ಮಟ್ಟದಲ್ಲಿ ಕೂರುತ್ತದೆ. ನ್ಯಾಚುರಲ್ ರಬ್ಬರ್, ಬ್ಯುಟೈಲ್, ಇಪಿಡಿಎಂ ಈ ಮೂರೂ ಜಾತಿಯ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತವೆ. ಕಾಸ್ಟಿಕ್ ಚಾರ್ಟಿನಲ್ಲಿ ಮೂರಕ್ಕೂ ಒಳ್ಳೇ ಮಾರ್ಕ್ಸ್ ಇರುತ್ತದೆ, ಆದರೆ ಆ ಚಾರ್ಟ್ ಶುದ್ಧ ಕಾಸ್ಟಿಕ್‌ಗೆ ಬರೆದದ್ದು, ನಿಮ್ಮ ಟ್ಯಾಂಕಿನ ಕಷಾಯಕ್ಕಲ್ಲ. ನಮ್ಮ ಎರಡನೇ ಲೈನಿಂಗ್ ಹೋದದ್ದು ಹೀಗೆ. ಮಟ್ಟದ ಗೆರೆಯಲ್ಲಿ ನಾಲ್ಕು ಬೆರಳು ಅಗಲಕ್ಕೆ ಹಲ್ವದ ಹಾಗೆ, ಕೆಳಗೆಲ್ಲ ಗಟ್ಟಿಯಾಗೇ ಇತ್ತು. ಎಣ್ಣೆ ಇರುವ ಕಡೆ ರಬ್ಬರೇ ಬೇಕು ಅಂದರೆ ನಿಯೋಪ್ರಿನ್ ಸ್ವಲ್ಪ ವಾಸಿ. ಅದಕ್ಕಿಂತ, ಮೇಲಿನ ಎಣ್ಣೆ ತೆಗೆಯುವ ಒಂದು ಸ್ಕಿಮ್ಮರ್ ಹಾಕಿಸುವುದು ಲೇಸು.

ತಳದಲ್ಲಿ ಮಾತ್ರ ತಟ್ಟೆಯಗಲದ ಕಪ್ಪು ಕಲೆ, ಬಿರುಕು ಇದ್ದರೆ ಫ್ಲೇಕ್ಸ್ (ಚೂರು ಚೂರಾಗಿ ಬರುವ ಘನ ಕಾಸ್ಟಿಕ್) ಹೇಗೆ ಹಾಕುತ್ತೀರಿ ಅಂತ ಕೇಳಿ. 50 ಕಿಲೋ ಚೀಲ ಹಾಗೇ ಸುರಿದರೆ ಅದು ತಳದಲ್ಲಿ ಗುಡ್ಡೆಯಾಗಿ ಕೂರುತ್ತದೆ. ಒಂದು ಕಿಲೋ ಕಾಸ್ಟಿಕ್ ಕರಗುವಾಗ ಹೆಚ್ಚುಕಡಿಮೆ 1.1 ಮೆಗಾಜೂಲ್ ಶಾಖ ಬಿಡುತ್ತದೆ. ಇಡೀ ಚೀಲ 1,000 ಲೀಟರ್ ನೀರಲ್ಲಿ ಚೆನ್ನಾಗಿ ಕಲೆತರೆ 13 ಡಿಗ್ರಿ ಏರಿಕೆ, ಅಷ್ಟೇ. ಆದರೆ ಗುಡ್ಡೆಯ ಅಡಿಯಲ್ಲಿ ಅದೇ ಶಾಖ ನಾಲ್ಕು ಲೀಟರ್ ನೀರಲ್ಲಿ ಸಿಕ್ಕಿಕೊಂಡಿದ್ದರೆ? ಥರ್ಮಾಮೀಟರ್ ಮೇಲೆ 78 ಅಂತ ತೋರಿಸುತ್ತಿರುತ್ತದೆ, ತಳದ ಲೈನಿಂಗ್ ಬೇಯುತ್ತಿರುತ್ತದೆ. ಬೇರೆ ಡ್ರಮ್ಮಿನಲ್ಲಿ ತಣ್ಣೀರಿಗೆ ಸ್ವಲ್ಪ ಸ್ವಲ್ಪ ಫ್ಲೇಕ್ಸ್ ಹಾಕಿ ಕಲಕಿ ಕರಗಿಸಿಕೊಂಡು ಆಮೇಲೆ ಟ್ಯಾಂಕಿಗೆ ಬಿಡಿ. ಫ್ಲೇಕ್ಸ್ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಆ ಡ್ರಮ್ಮಾಗಲಿ, ಕಲಕುವ ಕೋಲಾಗಲಿ, ಬಕೆಟ್ಟಾಗಲಿ ಅಲ್ಯೂಮಿನಿಯಂ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಬೇಡವೇ ಬೇಡ. ಅಲ್ಯೂಮಿನಿಯಂ, ಜಿಐ ಮೇಲಿನ ಸತು ಎರಡೂ ಕರಗಿ ಹೈಡ್ರೋಜನ್ ಬಿಡುತ್ತವೆ, ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಗತಿ ಏನು?

ಸ್ಟೀಮ್ ಕಾಯಿಲ್ ಎದುರಿನ ಗೋಡೆಯಲ್ಲಿ ಮಾತ್ರ ಸುಟ್ಟ ಗುರುತು ಇದ್ದರೂ ಲೆಕ್ಕ ಇದೇ. ದ್ರಾವಣ 78 ಡಿಗ್ರಿ ಇರಬಹುದು, 3 ಬಾರ್ ಸ್ಟೀಮ್ ಇರುವ ಕಾಯಿಲ್ ಒಳಗೆ 143 ಡಿಗ್ರಿ.

ಗುಳ್ಳೆ ಎದ್ದಿದ್ದರೆ

ಗುಳ್ಳೆಯನ್ನು ಸುಮ್ನೆ ಚುಚ್ಚಿ ಬಿಡಬೇಡಿ. ಸಿರಿಂಜಿನಲ್ಲಿ ಒಳಗಿನ ನೀರು ಎಳೆದು ಪಿಎಚ್ ಪೇಪರಿಗೆ ಹನಿ ಹಾಕಿ. 13, 14 ತೋರಿಸಿದರೆ ಕಾಸ್ಟಿಕ್ ನೇರ ದಾರಿ ಮಾಡಿಕೊಂಡು ಒಳಗೆ ಹೋಗಿದೆ, ಎಲ್ಲೋ ಪಿನ್‌ಹೋಲ್ ಇದೆ ಅಥವಾ ಜೋಡಣೆ ಬಿಟ್ಟಿದೆ. ಬರೀ ನೀರಿನ ಹಾಗೆ 7, 8 ತೋರಿಸಿದರೆ ಲೈನಿಂಗ್ ತೂತಾಗಿಲ್ಲ, ಅದರ ಮೂಲಕ ನೀರಿನ ಆವಿ ಮಾತ್ರ ದಾಟಿದೆ. ಮೂಗಿಗೆ ಥಿನ್ನರ್ ವಾಸನೆ ಬಂದರೆ ಒಣಗುವ ಮುಂಚೆಯೇ ಮೇಲೆ ಇನ್ನೊಂದು ಕೋಟ್ ಹೊಡೆದಿದ್ದಾರೆ.

ಆವಿ ದಾಟುವ ಈ ಗುಳ್ಳೆ ಹೊಸೂರಿನಲ್ಲಿ ಚೆನ್ನಾಗೇ ಕಾಣಿಸುತ್ತದೆ. ಊರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಬೆಳಗ್ಗೆ ಸ್ವೆಟರ್ ಇಲ್ಲದೆ ಗಾಡಿ ಓಡಿಸಲು ಆಗುವುದಿಲ್ಲ, ಹೂವಿನ ತೋಟಗಳು ಇಲ್ಲಿ ಬಂದದ್ದೂ ಈ ತಂಪಿಗೇ. ಟ್ಯಾಂಕಿನ ಒಳಗೆ 78, ಹೊರಗೆ ಶೆಡ್ಡಿನ ತೆರೆದ ಬದಿಯಿಂದ ತಣ್ಣನೆ ಗಾಳಿ. ಬಿಸಿ ಕಡೆಯ ಆವಿ ಲೈನಿಂಗ್ ಮೂಲಕ ತಣ್ಣನೆ ಉಕ್ಕಿನ ಕಡೆ ತಳ್ಳಿಕೊಂಡು ಹೋಗಿ, ಲೋಟದ ಹೊರಗೆ ನೀರು ಕೂರುವ ಹಾಗೆ ಉಕ್ಕಿನ ಮೇಲೆ ನೀರಾಗಿ ಕೂರುತ್ತದೆ. ಬ್ಲಾಸ್ಟಿಂಗ್ (ಲೈನಿಂಗ್‌ಗೆ ಮುಂಚೆ ಗ್ರಿಟ್ ಹೊಡೆದು ಉಕ್ಕನ್ನು ಶುಚಿ ಮಾಡುವುದು) ಸರಿಯಾಗಿ ಆಗದೆ ಉಕ್ಕಿನ ಮೇಲೆ ಉಪ್ಪು ಉಳಿದಿದ್ದರೆ ಅದು ಇನ್ನಷ್ಟು ನೀರು ಎಳೆಯುತ್ತದೆ. ಗಾಳಿ ಬೀಸುವ ಬದಿಯ ಗೋಡೆಯಲ್ಲಿ ಮಾತ್ರ ಗುಳ್ಳೆ ಇದೆಯಾ, ಶೆಡ್ಡಿನ ಗೋಡೆಗೆ ಒತ್ತಿಕೊಂಡ ಬದಿಯಲ್ಲಿ ಇಲ್ಲವಾ ಅಂತ ನೋಡಿ. ಹಾಗಿದ್ದರೆ ಲೈನಿಂಗ್ ಬದಲಿಸಿ ಪ್ರಯೋಜನ ಇಲ್ಲ, ಹೊರಗೆ ರಾಕ್‌ವುಲ್ ಇನ್ಸುಲೇಶನ್ ಸುತ್ತಿಸಿ. ಸ್ಟೀಮೂ ಉಳಿಯುತ್ತದೆ.

ಮೂಲೆ ಸೀಳಿದ್ದರೆ

ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಶೀಟನ್ನು ಒಳಗೆ ಸಡಿಲವಾಗಿ ಇಳಿಸಿ ಮೂಲೆ ವೆಲ್ಡ್ ಮಾಡಿದ ಟ್ಯಾಂಕುಗಳಲ್ಲಿ ಇದೇ ಕಾಯಿಲೆ. ಲೆಕ್ಕ ಹಾಕಿ ನೋಡಿ. 2 ಮೀಟರ್ ಉದ್ದದ ಪಿಪಿ, 60 ಡಿಗ್ರಿ ಬಿಸಿ ಏರಿದರೆ ಸುಮಾರು 18 ಮಿಲಿಮೀಟರ್ ಉದ್ದ ಆಗುತ್ತದೆ. ಅಷ್ಟೇ ಉದ್ದದ ಉಕ್ಕು ಒಂದೂವರೆ ಮಿಲಿಮೀಟರ್ ದಾಟುವುದಿಲ್ಲ. ಉಳಿದ ಹದಿನಾರು ಎಲ್ಲಿಗೆ ಹೋಗಬೇಕು? ನಡುವೆ ಹೊಟ್ಟೆ ಬಿಡುತ್ತದೆ. ಭಾನುವಾರ ಬಾಯ್ಲರ್ ಆರಿಸಿದರೆ ಮತ್ತೆ ಕುಗ್ಗಿ ಮೂಲೆಯನ್ನು ಎಳೆಯುತ್ತದೆ. ಪ್ರತಿ ವಾರ ಹೀಗೆ ಆದರೆ ಮೂಲೆಯ ವೆಲ್ಡ್ ಬಿಡದೆ ಇನ್ನೇನು. ಪಿಪಿ ಕಾಸ್ಟಿಕ್‌ಗೆ ಒಳ್ಳೆಯದೇ, 90 ಡಿಗ್ರಿ ತನಕ ತಡೆಯುತ್ತದೆ. ವೆಲ್ಡನ್ನು ಮೂಲೆಯಲ್ಲಿ ಕೊಡದೆ, ಶೀಟನ್ನು ಬಗ್ಗಿಸಿ ಚಪ್ಪಟೆ ಜಾಗಕ್ಕೆ ತಂದು ಕೊಡಲು ಹೇಳಿ. ಪಿವಿಸಿ ಮಾತ್ರ ಬೇಡ, 60 ಡಿಗ್ರಿಗೇ ಅದು ಸೋಲುತ್ತದೆ.

ಆಸಿಡ್‌ಗೆ ಗಟ್ಟಿ, ಕ್ಷಾರಕ್ಕೆ ಕರಗುವ ಸಾಮಾನು

ನಮ್ಮ ಮೊದಲ ಲೈನಿಂಗ್ ಎಫ್‌ಆರ್‌ಪಿ, ಅಂದರೆ ಗಾಜಿನ ನೂಲಿಗೆ ರಾಳ ಕುಡಿಸಿ ಮಾಡಿದ್ದು. ನಾಲ್ಕು ತಿಂಗಳಿಗೆ ಒಳಗೋಡೆ ಮುದಿ ನಾಯಿಯ ಮೈಯ ಹಾಗೆ ರೋಮ ಬಿಟ್ಟಿತ್ತು ಅಂತ ಫಿಟ್ಟರ್ ಅಣ್ಣ ಹೇಳಿದರು, ಒಂದು ತುಂಡು ಎತ್ತಿಟ್ಟಿದ್ದರು ಕೂಡ. ಕೈಯಲ್ಲಿ ಉಜ್ಜಿದರೆ ರಾಳ ಜಾರು ಜಾರು, ಅಡಿಯಲ್ಲಿ ಗಾಜಿನ ನೂಲು ಬರೀ ಪುಡಿ. ಆ ಜಾರು ಯಾಕೆ ಗೊತ್ತಾ? ಎಣ್ಣೆಗೆ ಕಾಸ್ಟಿಕ್ ಹಾಕಿದರೆ ಸೋಪು ಆಗುತ್ತದೆ. ಸಾಧಾರಣ ಪಾಲಿಯೆಸ್ಟರ್ ರಾಳದಲ್ಲಿಯೂ ಎಣ್ಣೆಯಲ್ಲಿರುವಂಥದ್ದೇ ಎಸ್ಟರ್ ಕೊಂಡಿ ಇದೆ, ಬಿಸಿ ಕಾಸ್ಟಿಕ್ ಅದನ್ನೂ ಹಾಗೇ ಒಡೆಯುತ್ತದೆ. ರಾಳ ಹೋದ ಮೇಲೆ ಗಾಜು ಬಯಲಾಯಿತು, ಗಾಜಿನ ಸಿಲಿಕಾವನ್ನು ಕಾಸ್ಟಿಕ್ ತಿಂದು ಹಾಕಿತು.

ಸಿಲಿಕಾ ಅನ್ನುವ ಮಾತು ನೆನಪಿಟ್ಟುಕೊಳ್ಳಿ. ಗ್ಲಾಸ್ ಲೈನಿಂಗ್, ಸಿಲಿಕೇಟ್ ಗಾರೆ ಹಾಕಿ ಕಟ್ಟಿದ ಆಸಿಡ್ ಇಟ್ಟಿಗೆ, ಮರಳು ಸೇರಿಸಿದ ಎಪಾಕ್ಸಿ, ಇವೆಲ್ಲ ಆಸಿಡ್ ಎದುರು ಹುಲಿ, ಬಿಸಿ ಕ್ಷಾರದ ಎದುರು ಇಲಿ. ಫಿಲ್ಲರ್ ಬೇಕಾದರೆ ಕಾರ್ಬನ್ ಕೇಳಿ. ಇಟ್ಟಿಗೆಯೇ ಬೇಕು ಅನ್ನುವ ಜಾಗದಲ್ಲಿ ಕಾರ್ಬನ್ ಇಟ್ಟಿಗೆ, ಫ್ಯೂರಾನ್ ಗಾರೆ. ಎಫ್‌ಆರ್‌ಪಿ ಮಾಡಲೇಬೇಕಾದರೆ ಬಿಸ್‌ಫಿನಾಲ್ ಎ ವಿನೈಲ್ ಎಸ್ಟರ್ ರಾಳ, ದ್ರಾವಣ ಮುಟ್ಟುವ ಮೇಲ್ಪದರಕ್ಕೆ ಗಾಜಿನ ಬದಲು ಸಿಂಥೆಟಿಕ್ ವೇಲ್ (ಪ್ಲಾಸ್ಟಿಕ್ ನೂಲಿನ ತೆಳು ಹಾಸು). ನೊವೊಲ್ಯಾಕ್ ವಿನೈಲ್ ಎಸ್ಟರ್ ದುಬಾರಿ, ಹಾಗಾಗಿ ಅದೇ ಒಳ್ಳೆಯದು ಅಂತ ಹಾಕಿಸಿಕೊಳ್ಳುವವರಿದ್ದಾರೆ. ಸಾಲ್ವೆಂಟ್‌ಗೆ, ಆಸಿಡ್‌ಗೆ ಅದು ಮೇಲು, ಕಾಸ್ಟಿಕ್‌ಗೆ ಅಗ್ಗದ್ದೇ ಮೇಲು. ಸುಟ್ಟು ಗಟ್ಟಿ ಮಾಡುವ ಫಿನಾಲಿಕ್ ಕೋಟಿಂಗ್ ಕೂಡ ಬೇಡ.

ದುಡ್ಡು ಸುರಿದು ಮೋಸ ಹೋಗುವ ಇನ್ನೊಂದು ಸಾಮಾನು ಪಿವಿಡಿಎಫ್ ಪ್ಲಾಸ್ಟಿಕ್. ಟೆಫ್ಲಾನ್ ಜಾತಿ, ಯಾವುದಕ್ಕೂ ಜಗ್ಗಲ್ಲ ಅಂತ ಮಾರುತ್ತಾರೆ. ಗಟ್ಟಿ ಕಾಸ್ಟಿಕ್ ಇದರ ಕಣದಿಂದ ಹೈಡ್ರೋಜನ್ನನ್ನೂ ಫ್ಲೋರಿನನ್ನೂ ಕಿತ್ತುಕೊಳ್ಳುತ್ತದೆ. ಬಿಳಿ ಇದ್ದದ್ದು ಮೊದಲು ಕಾಫಿ ಬಣ್ಣ, ಆಮೇಲೆ ಕಪ್ಪು, ಆಮೇಲೆ ಬಿರುಕು. ಬಣ್ಣ ತಿರುಗಿದ ಪಿವಿಡಿಎಫ್ ಕಂಡರೆ ಬೇರೆ ಪರೀಕ್ಷೆ ಬೇಡ. ನಿಜವಾದ ಟೆಫ್ಲಾನ್ ಪಿಟಿಎಫ್‌ಇಗೆ, ಪಿಎಫ್‌ಎಗೆ ಈ ತೊಂದರೆ ಇಲ್ಲ, ಬೆಲೆ ಕೇಳಿದರೆ ನಮ್ಮಂಥ ಯೂನಿಟ್ಟಿನವರು ವಾಪಸ್ ಬರುತ್ತಾರೆ ಅಷ್ಟೇ.

ಎಣ್ಣೆ ಇಲ್ಲದ ಶುದ್ಧ ಬಿಸಿ ಕಾಸ್ಟಿಕ್‌ಗೆ ಲೈನಿಂಗ್ ಬೇಕೇ ಬೇಕಾದರೆ ನನ್ನ ಓಟು ಬ್ಯುಟೈಲ್ ಜಾತಿಯ ರಬ್ಬರ್‌ಗೆ. ಮೆತ್ತನೆ ನ್ಯಾಚುರಲ್ ರಬ್ಬರ್ 65 ಡಿಗ್ರಿ ದಾಟಿದರೆ ಸುಸ್ತಾಗುತ್ತದೆ. ಕಾಂಟ್ರಾಕ್ಟರಿಗೆ "ರಬ್ಬರ್ ಲೈನಿಂಗ್" ಅಂತ ಆರ್ಡರ್ ಬರೆಯಬೇಡಿ. ಯಾವ ರಬ್ಬರ್, ಎಷ್ಟು ಪರ್ಸೆಂಟ್ ಕಾಸ್ಟಿಕ್, ಅದರ ಜತೆ ಏನೇನು ಬೆರೆತಿದೆ, ಎಷ್ಟು ಡಿಗ್ರಿ, ಎಲ್ಲ ಬರೆದು ಐಎಸ್ 4682 (ಲೈನಿಂಗ್ ಕೆಲಸದ ಭಾರತೀಯ ಮಾನಕ) ಪ್ರಕಾರ ಮಾಡಬೇಕು ಅಂತ ಸೇರಿಸಿ. ಬ್ಲಾಸ್ಟಿಂಗ್ ಎಸ್‌ಎ 2½ ದರ್ಜೆಯ ಶುಚಿಗೆ ಆಗಿರಬೇಕು, ಉಕ್ಕಿನ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಮೇಲಿರಬೇಕು. ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಮಾಡಿಸಬೇಡಿ. ಮುಗಿದ ಮೇಲೆ ಸ್ಪಾರ್ಕ್ ಟೆಸ್ಟ್ (ಹೆಚ್ಚು ವೋಲ್ಟೇಜಿನ ಕಿಡಿಯಿಂದ ಪಿನ್‌ಹೋಲ್ ಹುಡುಕುವುದು) ನಿಮ್ಮ ಕಣ್ಣೆದುರೇ ಆಗಲಿ. ಕಾರ್ಬನ್ ಜಾಸ್ತಿ ಇರುವ ಲೈನಿಂಗ್‌ಗೆ ಆ ಟೆಸ್ಟ್ ಸರಿಯಾಗಿ ಹೇಳುವುದಿಲ್ಲ, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನಮ್ಮ ಗಡ್ಡದ ಮೂಲ

ಒಳಗಿನ ರಬ್ಬರ್ ಕಿತ್ತು ನೋಡಿದರೆ ಉಕ್ಕು ಹೆಚ್ಚಿನ ಕಡೆ ಹೊಸದರ ಹಾಗೇ ಇತ್ತು, ಕಪ್ಪಗೆ, ನುಣ್ಣಗೆ. ಕೆಳಮೂಲೆಯಲ್ಲಿ ಮಾತ್ರ, ಸ್ಟೀಮ್ ಕಾಯಿಲ್ ಹಿಡಿಯುವ ಬ್ರ್ಯಾಕೆಟ್ ವೆಲ್ಡ್ ಮಾಡಿದ ಪಕ್ಕದಲ್ಲಿ, ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿಯುವ ಕೆಂಪು ಬಣ್ಣ) ಹಾಕಿ ಒರೆಸಿ ಡೆವಲಪರ್ ಊದಿದರೆ ಕೆಂಪು ಗೆರೆಗಳು ಎದ್ದವು. ಒಂದೇ ಗೆರೆ ಅಲ್ಲ, ಒಣ ಮರದ ಕೊಂಬೆಯ ಹಾಗೆ ಕವಲು ಕವಲು. ತುಕ್ಕು ತಿಂದದ್ದಾದರೆ ಪ್ಲೇಟ್ ತೆಳ್ಳಗಾಗಬೇಕಿತ್ತು, ಇಲ್ಲಿ ದಪ್ಪ 6 ಮಿಲಿಮೀಟರ್ ಹಾಗೇ ಇತ್ತು. ಇದು ಕಾಸ್ಟಿಕ್ ಕ್ರ್ಯಾಕಿಂಗ್. ಹಳೇ ಕಾಲದ ರಿವೆಟ್ ಹಾಕಿದ ಬಾಯ್ಲರುಗಳನ್ನು ಒಡೆಯುತ್ತಿದ್ದದ್ದೂ ಇದೇ.

ವೆಲ್ಡ್ ಆದ ಉಕ್ಕು ಒಳಗೊಳಗೇ ಬಿಗಿದುಕೊಂಡಿರುತ್ತದೆ. ಆ ಬಿಗಿತ, ಬಿಸಿ, ಗಟ್ಟಿ ಕಾಸ್ಟಿಕ್ ಮೂರೂ ಸೇರಿದರೆ ಸೀಳು. 5 ಪರ್ಸೆಂಟ್ ದ್ರಾವಣಕ್ಕೆ ಸುಮಾರು 80 ಡಿಗ್ರಿ ತನಕ ವೆಲ್ಡನ್ನು ಹಾಗೇ ಬಿಟ್ಟರೂ ನಡೆಯುತ್ತದೆ, 50 ಪರ್ಸೆಂಟ್ ಆದರೆ 50 ಡಿಗ್ರಿಗೆ ಮುಂಚೆಯೇ ಎಚ್ಚರ ಬೇಕು. ನಮ್ಮದು ಗಡಿಯಲ್ಲಿತ್ತು. ಕಾಯಿಲ್ಲಿನ 143 ಡಿಗ್ರಿ ಬ್ರ್ಯಾಕೆಟ್ ಮೂಲಕ ಗೋಡೆಗೆ ಇಳಿಯುತ್ತಿತ್ತು. ಲೈನಿಂಗ್ ಬ್ರ್ಯಾಕೆಟ್ ಸುತ್ತ ಬಿಟ್ಟುಕೊಂಡು, ಆ ಸಂದಿಗೆ ಹೊಕ್ಕ ಕಾಸ್ಟಿಕ್, ನೀರು ಇಂಗಿ ಇಂಗಿ ಅಲ್ಲೇ ಗಟ್ಟಿಯಾಗುತ್ತಿತ್ತು. ಕಾಪಾಡಲು ಹಾಕಿದ ಲೈನಿಂಗೇ ಕಾಸ್ಟಿಕ್ಕಿಗೆ ಗೂಡು ಕಟ್ಟಿಕೊಟ್ಟಿತ್ತು.

ಬಿರುಕಿನ ಮೇಲೆ ವೆಲ್ಡಿಂಗ್ ಹೊಡೆದು ಮುಚ್ಚುತ್ತೇನೆ ಅಂತ ವೆಲ್ಡರ್ ಬಂದಿದ್ದ. ಬೇಡ ಅಂದೆ. ಹೊಸ ಬಿಗಿತ ಕೊಟ್ಟ ಹಾಗಾಗುತ್ತದೆ, ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹೊಸ ಟ್ಯಾಂಕ್ ಮಾಡಿಸಿ, ಫರ್ನೇಸಿಗೆ ಕಳಿಸಿ, ವೆಲ್ಡಿನ ಬಿಗಿತ ಹೋಗಲು 620 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ನಿಧಾನ ಆರಿಸಿ ತಂದೆವು. ಕಾಯಿಲ್ಲನ್ನು ಗೋಡೆಗೆ ಹಿಡಿಸದೆ ತಳದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆವು. ಒಳಗೆ ಲೈನಿಂಗ್ ಇಲ್ಲ, ಬರೀ ಉಕ್ಕು. ಯಜಮಾನರು ಮೂರು ದಿನ ನಂಬಲಿಲ್ಲ, ದಿನಾ ಬಂದು ಒಳಗೆ ಟಾರ್ಚ್ ಬಿಟ್ಟು ನೋಡಿ ಹೋಗುತ್ತಿದ್ದರು.

ಹೊರಗೆ ರಾಕ್‌ವುಲ್ ಸುತ್ತಿದ್ದೇವೆ, ಕೆಳಗಿನ ನಾಲ್ಕು ಮೂಲೆಯಲ್ಲಿ ಮಾತ್ರ ಅಂಗೈ ಅಗಲದ ಕಿಟಕಿ ಬಿಟ್ಟಿದ್ದೇವೆ. ತಿಂಗಳಿಗೊಮ್ಮೆ ಫಿಟ್ಟರ್ ಅಣ್ಣ ಕ್ಯಾಂಟೀನಿನ ಅರಿಶಿನ ಬಳಿದ ಒದ್ದೆ ಕಾಗದವನ್ನು ಅಲ್ಲಿ ಒತ್ತಿ, ತಾರೀಖು ಬರೆದು, ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ. ಮೂಲೆಯವು ಎಲ್ಲ ಹಳದಿಯೇ. ಪಂಪಿನ ಗ್ಲ್ಯಾಂಡ್ (ಶಾಫ್ಟ್ ಹೊರಬರುವ ಕಡೆ ಸೋರದ ಹಾಗೆ ಪ್ಯಾಕಿಂಗ್ ತುಂಬುವ ಜಾಗ) ಕೆಳಗೆ ಒತ್ತಿದ್ದು ಮಾತ್ರ ಮೊನ್ನೆ ಕೆಂಪಾಗಿತ್ತು. ಪ್ಯಾಕಿಂಗ್ ಬದಲಿಸಿದೆವು.